ಮತ್ತೆ ಏರುವ ತೂಕ: ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರ ಬರುವ ಋತುಬಂಧ

ಒಂದು ಲೆಕ್ಕದಿಂದ ಪ್ರಾರಂಭಿಸೋಣ. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನಲ್ಲಿ ಪ್ರೌಢಶಾಲೆಯ ಅಧ್ಯಾಪಕಿಯೊಬ್ಬರು ಇದ್ದಾರೆಂದು ಊಹಿಸಿಕೊಳ್ಳಿ. ವ್ಯಕ್ತಿ ಕಾಲ್ಪನಿಕ, ಆದರೆ ಅವರ ಅಂಕಿಗಳು ಇಂತಹ ಅನೇಕರಲ್ಲಿ ಕಾಣುವಂಥವೇ. ಎತ್ತರ 156 ಸೆಂ.ಮೀ. 38ನೆಯ ವಯಸ್ಸಿನಲ್ಲಿ ತೂಕ 102 ಕಿ.ಗ್ರಾಂ. ಜೊತೆಗೆ ಸಕ್ಕರೆ ಕಾಯಿಲೆ, ಮಂಡಿನೋವು, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ. ಮೈಸೂರಿಗೆ ಹೋಗಿ ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಒಂದೂವರೆ ವರ್ಷದಲ್ಲಿ ತೂಕ 70 ಕಿ.ಗ್ರಾಂ.ಗೆ ಇಳಿಯಿತು. ಸಕ್ಕರೆಯ ಮಾತ್ರೆಗಳು ಬಹುಮಟ್ಟಿಗೆ ನಿಂತವು. ಶಾಲೆಯ ಮೆಟ್ಟಿಲು ಹತ್ತುವುದು ಸುಲಭವಾಯಿತು.

ಈಗ ಅವರಿಗೆ 48. ಮುಟ್ಟು ನಿಂತು ವರ್ಷವಾಗಿದೆ. ತೂಕ 78 ಕಿ.ಗ್ರಾಂ. ಏರಿದ್ದೆಲ್ಲ ಹೊಟ್ಟೆಯ ಸುತ್ತಲೇ ಸೇರಿದಂತೆ ಕಾಣುತ್ತದೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿ ಹೋಗಿ ಆರು ವರ್ಷವಾಯಿತು. "ಅಷ್ಟು ದುಡ್ಡು ಸುರಿದು ಮತ್ತೆ ದಪ್ಪ ಆಗಿದೀನಿ, ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂಬ ಸಂಕೋಚ. ಅದಕ್ಕೇ ತಾವೇ ಒಂದು ಉಪಾಯ ಮಾಡಿಕೊಂಡಿದ್ದಾರೆ: ರಾತ್ರಿ ಊಟ ಬಿಟ್ಟಿದ್ದಾರೆ.

ಶಸ್ತ್ರಚಿಕಿತ್ಸೆ ವಿಫಲವಾಯಿತೆ? ತಪ್ಪು ಅವರದೆ? ಊಟ ಬಿಡುವುದು ಸರಿಯೆ? ಈ ಪ್ರಶ್ನೆಗಳಿಗೆ ಉತ್ತರ ಜಠರ, ಅಂಡಾಶಯ, ಸ್ನಾಯು, ಮೂಳೆ ಈ ನಾಲ್ಕರಲ್ಲಿಯೂ ಹಂಚಿಹೋಗಿದೆ. ಪ್ರಶ್ನೆ ಕೆಲವರದೇ ಎಂದು ತಳ್ಳಿಹಾಕುವಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವ ಮಹಿಳೆಯರು 2015–16ರಲ್ಲಿ ಶೇಕಡಾ 23.3 ಇದ್ದರು, 2019–21ರ ಸಮೀಕ್ಷೆಯಲ್ಲಿ ಇದು ಶೇಕಡಾ 30.1 ಆಯಿತು. ಮೂವತ್ತು, ನಲವತ್ತರ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಈಗ ಒಬ್ಬೊಬ್ಬರಾಗಿ ಋತುಬಂಧದ ವಯಸ್ಸಿಗೆ ಬರುತ್ತಿದ್ದಾರೆ.

ಯಾವ ಶಸ್ತ್ರಚಿಕಿತ್ಸೆ?

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳಬೇಕು. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ತೀರಿಕೊಂಡ ಸುದ್ದಿ ಬಂದಾಗ, ಬೊಜ್ಜಿನ ಎಲ್ಲ ಶಸ್ತ್ರಚಿಕಿತ್ಸೆಗಳೂ ಒಂದೇ ಎಂದು ಅನೇಕರು ಭಾವಿಸಿದರು. ಚರ್ಮದ ಕೆಳಗಿನ ಕೊಬ್ಬನ್ನು ನಳಿಕೆಯಿಂದ ಹೀರಿ ತೆಗೆಯುವುದು ಸೌಂದರ್ಯ ಚಿಕಿತ್ಸೆ. ನಾವಿಲ್ಲಿ ಹೇಳುತ್ತಿರುವುದು ಜಠರ ಮತ್ತು ಕರುಳಿನ ರಚನೆಯನ್ನೇ ಬದಲಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯನ್ನು. ಇದರಲ್ಲಿ ಕೊಬ್ಬಿನ ಒಂದು ಚೂರನ್ನೂ ತೆಗೆಯುವುದಿಲ್ಲ.

1954ರಲ್ಲಿ ಅಮೆರಿಕದ ಮಿನ್ನೆಸೋಟದ ವೈದ್ಯರು ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ತಪ್ಪಿಸುವ ವಿಧಾನವನ್ನು ವರದಿ ಮಾಡಿದರು. ತೂಕವೇನೋ ಇಳಿಯಿತು. ಆದರೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಯಕೃತ್ತಿನ ಹಾನಿ ಕಾಣಿಸಿಕೊಂಡು ಆ ವಿಧಾನ ಮೂಲೆಗೆ ಸರಿಯಿತು. ಅಯೋವಾದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಇನ್ನೊಂದು ದಾರಿ ಹಿಡಿದರು. ಹುಣ್ಣಿನ ಕಾರಣದಿಂದ ಜಠರದ ಭಾಗ ತೆಗೆಸಿಕೊಂಡವರು ತೆಳ್ಳಗೇ ಉಳಿಯುತ್ತಾರೆ ಎಂಬುದನ್ನು ಗಮನಿಸಿ, 1966ರಲ್ಲಿ ಜಠರದ ಬೈಪಾಸ್ ಆರಂಭಿಸಿದರು. ಇಂದಿನ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ, ಅಂದರೆ ಎರಡು ದೊಡ್ಡ ಚಮಚದಷ್ಟು ಗಾತ್ರದ ಚೀಲವನ್ನು ಮಾತ್ರ ಆಹಾರಕ್ಕೆ ಬಿಟ್ಟು, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಉಳಿದ ಜಠರವೂ ಕರುಳಿನ ಮೊದಲ ಭಾಗವೂ ಒಳಗೇ ಇರುತ್ತವೆ, ಆದರೆ ಆಹಾರ ಆ ದಾರಿಯಲ್ಲಿ ಹೋಗುವುದಿಲ್ಲ. ಇನ್ನೊಂದು ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಅಂಗಿಯ ತೋಳಿನಂತಹ ಕಿರಿದಾದ ಕೊಳವೆಯನ್ನು ಉಳಿಸುತ್ತಾರೆ. ಇದಕ್ಕೆ ಸ್ಲೀವ್ ಎಂದು ಹೆಸರು. ನಮ್ಮ ದೇಶದಲ್ಲಿ ಇದು ಬಹಳ ಬಳಕೆಯಲ್ಲಿದೆ.

ಹೊಟ್ಟೆ ಚಿಕ್ಕದಾಯಿತು, ಊಟ ಕಡಿಮೆಯಾಯಿತು, ತೂಕ ಇಳಿಯಿತು. ಕಥೆ ಇಷ್ಟೇ ಎಂದು ಬಹುಕಾಲ ತಿಳಿದಿದ್ದರು. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಅವರು ಜಠರದಿಂದ ಸ್ರವಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಇದು ಹಸಿವೆಯ ಹಾರ್ಮೋನು. ಊಟಕ್ಕೆ ಮೊದಲು ಏರಿ ನಂತರ ಇಳಿಯುತ್ತದೆ. 2002ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಎರಡು ಗುಂಪಿನವರಲ್ಲಿ ಅಳೆದರು. ಪಥ್ಯದಿಂದ ತೂಕ ಇಳಿಸಿದವರಲ್ಲಿ ಗ್ರೆಲಿನ್ ಮೊದಲಿಗಿಂತ ಹೆಚ್ಚಾಗಿತ್ತು. ಬೈಪಾಸ್ ಆದವರಲ್ಲಿ ತೀರ ಕಡಿಮೆಯಿತ್ತು. ಸ್ಲೀವ್‌ನಲ್ಲಂತೂ ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಜಠರದ ಮೇಲ್ಭಾಗವೇ ಹೊರಗೆ ಹೋಗಿರುತ್ತದೆ. ಜೊತೆಗೆ, ಆಹಾರ ಬೇಗ ಕೆಳಗಿನ ಕರುಳು ಮುಟ್ಟುವುದರಿಂದ ಜಿಎಲ್‌ಪಿ-1 ಮೊದಲಾದ, ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಸುವ ಹಾರ್ಮೋನುಗಳು ಊಟದ ನಂತರ ಹೆಚ್ಚು ಸ್ರವಿಸುತ್ತವೆ. ಹಸಿವು ಅಡಗಿದ್ದು ಮನಸ್ಸಿನ ಬಲದಿಂದಲ್ಲ. ಹೀಗಿರುವಾಗ, ಅದೇ ಹಸಿವು ವರ್ಷಗಳ ಮೇಲೆ ಸ್ವಲ್ಪ ಮರಳಿ ಬಂದರೆ ಅದನ್ನು ಮನಸ್ಸಿನ ದೌರ್ಬಲ್ಯ ಎನ್ನುವುದು ಯಾವ ನ್ಯಾಯ?

ನಮ್ಮ ಭಾಷೆಯೂ ಈ ವಿಷಯದಲ್ಲಿ ಸ್ವಲ್ಪ ನಿಷ್ಠುರವೇ. ದೇಹದಲ್ಲಿನ ಮೇದಸ್ಸಿಗೂ ಕೊಬ್ಬು ಎನ್ನುತ್ತೇವೆ, ಸೊಕ್ಕಿಗೂ ಕೊಬ್ಬು ಎನ್ನುತ್ತೇವೆ. ತರಗತಿಯಲ್ಲಿ ಈ ಪಾಠ ಮಾಡುವಾಗ ಎರಡನ್ನೂ ಬೇರೆ ಮಾಡಿ ಹೇಳುವುದು ಒಳ್ಳೆಯದು.

ಎಷ್ಟು ಏರಿದರೆ ಹೆಚ್ಚು?

ಸ್ವೀಡನ್ನಿನಲ್ಲಿ 1987ರಲ್ಲಿ ಪ್ರಾರಂಭವಾದ ದೀರ್ಘ ಅಧ್ಯಯನವೊಂದಿದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುಮಾರು 2,000 ಮಂದಿಯನ್ನೂ, ಮಾಡಿಸಿಕೊಳ್ಳದ ಅಷ್ಟೇ ಮಂದಿಯನ್ನೂ ಅದು ವರ್ಷಗಟ್ಟಲೆ ಹಿಂಬಾಲಿಸಿತು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬೈಪಾಸ್ ಆದವರು ಒಂದೆರಡು ವರ್ಷಗಳಲ್ಲಿ ಸರಾಸರಿ ಶೇಕಡಾ 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತು ವರ್ಷಗಳ ಕೊನೆಗೆ ಉಳಿದ ಇಳಿಕೆ ಶೇಕಡಾ 25. ಅಂದರೆ ಸ್ವಲ್ಪ ಮರಳಿ ಬರುವುದೇ ಸರಾಸರಿ. ಹಾಗೆ ಮರಳಿ ಬಂದಮೇಲೂ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಸಾವಿನ ಪ್ರಮಾಣ ಇನ್ನೊಂದು ಗುಂಪಿಗಿಂತ ಕಡಿಮೆಯಿತ್ತು.

ನಮ್ಮ ಅಧ್ಯಾಪಕಿಯ ಅಂಕಿಗಳನ್ನು ಇದರ ಪಕ್ಕದಲ್ಲಿಡಿ. 102ರಿಂದ 70ಕ್ಕೆ ಇಳಿದಾಗ 32 ಕಿ.ಗ್ರಾಂ., ಅಂದರೆ ಶೇಕಡಾ 31. ಈಗ ಉಳಿದಿರುವ ಇಳಿಕೆ 24 ಕಿ.ಗ್ರಾಂ., ಶೇಕಡಾ 23.5. ಸ್ವೀಡನ್ನಿನ ಸರಾಸರಿಯ ಆಸುಪಾಸಿನಲ್ಲೇ ಇದ್ದಾರೆ.

ಇಲ್ಲಿ ಗಣಿತದ ಅಧ್ಯಾಪಕರಿಗೆ ಒಂದು ಒಳ್ಳೆಯ ಉದಾಹರಣೆ ಸಿಗುತ್ತದೆ. ಮರಳಿ ಬಂದ 8 ಕಿ.ಗ್ರಾಂ. ಅನ್ನು ಕಳೆದುಕೊಂಡ 32ಕ್ಕೆ ಹೋಲಿಸಿದರೆ ಶೇಕಡಾ 25. ಅತಿ ಕಡಿಮೆಯಿದ್ದ 70ಕ್ಕೆ ಹೋಲಿಸಿದರೆ ಶೇಕಡಾ 11.4. ಮೊದಲಿದ್ದ 102ಕ್ಕೆ ಹೋಲಿಸಿದರೆ ಶೇಕಡಾ 7.8. ಮೂರೂ ಸರಿ. ಛೇದ ಬದಲಾದಂತೆ ಭಯವೂ ಬದಲಾಗುತ್ತದೆ! ಮರುಏರಿಕೆಗೆ ಜಗತ್ತಿನಾದ್ಯಂತ ಒಪ್ಪಿದ ಒಂದೇ ವ್ಯಾಖ್ಯೆ ಇಲ್ಲದಿರುವುದರಿಂದ, "ಶೇಕಡಾ ಇಷ್ಟು ಮಂದಿಗೆ ತೂಕ ಮರಳುತ್ತದೆ" ಎಂಬ ಹೇಳಿಕೆ ಕಂಡಾಗಲೆಲ್ಲ ಯಾವುದರ ಶೇಕಡಾ ಎಂದು ಕೇಳಬೇಕು.

ಅಂಡಾಶಯ ಸುಮ್ಮನಾದಾಗ

ಸತತ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ಲೆಕ್ಕ. ಭಾರತದಲ್ಲಿ ಇದರ ಸರಾಸರಿ ವಯಸ್ಸು ಸುಮಾರು 46ರಿಂದ 47. ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯ ಸಂಶೋಧಕರು 1998–99ರ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ವಿಶ್ಲೇಷಿಸಿದಾಗ, 40 ತುಂಬುವ ಮೊದಲೇ ಮುಟ್ಟು ನಿಂತ ಮಹಿಳೆಯರು ನಮ್ಮಲ್ಲಿ ಗಣನೀಯ ಸಂಖ್ಯೆಯಲ್ಲಿರುವುದು ಕಂಡುಬಂದಿತು. ಋತುಬಂಧಕ್ಕೆ ಕೆಲವು ವರ್ಷ ಮೊದಲೇ ಪರಿವರ್ತನೆ ಶುರುವಾಗಿರುತ್ತದೆ. ಮುಟ್ಟು ಹಿಂದೆಮುಂದೆ ಆಗುವುದು, ಮೈ ಬಿಸಿಯೇರಿ ಬೆವರುವುದು, ನಡುರಾತ್ರಿ ಎಚ್ಚರವಾಗುವುದು ಅದರ ಲಕ್ಷಣಗಳು.

ಇನ್ನೊಂದು ವರ್ಗವೂ ಇದೆ. 2019–21ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 3.3ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಗರ್ಭಕೋಶ ಮಾತ್ರ ತೆಗೆದಿದ್ದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯಗಳು ಕೆಲಸ ಮಾಡುತ್ತಲೇ ಇರುತ್ತವೆ. ಅಂಡಾಶಯಗಳನ್ನೂ ತೆಗೆದಿದ್ದರೆ ಋತುಬಂಧ ಒಂದೇ ದಿನದಲ್ಲಿ ಬಂದಂತೆ. "ಗರ್ಭಕೋಶ ತೆಗೆಸಿದೆ" ಎನ್ನುವ ಅನೇಕರಿಗೆ ಅಂಡಾಶಯ ಉಳಿದಿದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಅದು ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಚೀಟಿಯಲ್ಲಿರುತ್ತದೆ. ಮನೆಯಲ್ಲಿ ತಾಯಿ, ಚಿಕ್ಕಮ್ಮ, ಅತ್ತಿಗೆಯರಲ್ಲಿ ಯಾರಾದರೂ ಇದ್ದರೆ ಆ ಚೀಟಿಯನ್ನು ಹುಡುಕಿಡಿ.

ಈಗ ಮುಖ್ಯ ಪ್ರಶ್ನೆ: ಋತುಬಂಧ ತೂಕವನ್ನು ಹೆಚ್ಚಿಸುತ್ತದೆಯೆ? ಅಂಡಾಶಯ ತೆಗೆದ ಇಲಿ ಹೆಚ್ಚು ತಿಂದು ದಪ್ಪವಾಗುತ್ತದೆ, ಈಸ್ಟ್ರೊಜನ್ ಕೊಟ್ಟರೆ ಅದು ತಪ್ಪುತ್ತದೆ. ಇದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಮನುಷ್ಯರಲ್ಲಿ ವಿಷಯ ಅಷ್ಟು ಸರಳವಾಗಿಲ್ಲ. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ 'ಸ್ವಾನ್' ಅಧ್ಯಯನ ನಡುವಯಸ್ಸಿನ ಮಹಿಳೆಯರನ್ನು ವರ್ಷವರ್ಷವೂ ಪರೀಕ್ಷಿಸುತ್ತ ಬಂದಿದೆ. 2019ರಲ್ಲಿ ಅದರ ಒಂದು ವರದಿ ಹೊರಬಂತು. ತಕ್ಕಡಿಯ ಮುಳ್ಳು ಋತುಬಂಧದ ಪರಿವರ್ತನೆಯಲ್ಲಿ ವಿಶೇಷ ವೇಗದಿಂದೇನೂ ಏರಿರಲಿಲ್ಲ. ಅದು ವಯಸ್ಸಿನೊಂದಿಗೆ ಮೊದಲಿನಂತೆಯೇ ಏರುತ್ತಿತ್ತು. ಆದರೆ ತೂಕದ ಒಳಗೆ ಏನಿದೆ ಎಂದು ನೋಡಿದಾಗ, ಪರಿವರ್ತನೆ ಆರಂಭವಾದೊಡನೆ ಕೊಬ್ಬು ಸೇರುವ ವೇಗ ಇಮ್ಮಡಿಯಾಗಿತ್ತು. ಅದೇ ವೇಳೆಗೆ ಸ್ನಾಯು ಮೊದಲಾದ ಕೊಬ್ಬಲ್ಲದ ಭಾಗ ಕುಗ್ಗತೊಡಗಿತ್ತು. ಕೊನೆಯ ಮುಟ್ಟಾಗಿ ಸುಮಾರು ಎರಡು ವರ್ಷದವರೆಗೆ ಹೀಗೆ ನಡೆದು ಆಮೇಲೆ ನಿಧಾನವಾಗಿತ್ತು. ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ; ತಕ್ಕಡಿಗೆ ಎರಡೂ ಒಂದೇ.

ಕೊಬ್ಬು ಕೂಡುವ ಜಾಗವೂ ಬದಲಾಗುತ್ತದೆ. ಈಸ್ಟ್ರೊಜನ್ ಇದ್ದಾಗ ಸೊಂಟ, ತೊಡೆಗಳಲ್ಲಿ ಸೇರುತ್ತಿದ್ದುದು ಈಗ ಹೊಟ್ಟೆಯ ಒಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಸೇರುತ್ತದೆ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳಿಗೆ ಹೆಚ್ಚು ಸಂಬಂಧವಿರುವುದು ಈ ಒಳಗೊಬ್ಬಿಗೆ. ಬಿಟ್ಟುಹೋಗಿದ್ದ ಸಕ್ಕರೆ ಕಾಯಿಲೆ ಅಧ್ಯಾಪಕಿಗೆ ಮರಳಿ ಬರಬಹುದಾದ ದಾರಿ ಇದು.

ಭಾರತೀಯರಿಗೆ ಇದರಲ್ಲಿ ಹೆಚ್ಚಿನ ಎಚ್ಚರ ಬೇಕು. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಚಿತ್ರವನ್ನು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಯುಡ್ಕಿನ್‌ರ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್‌ರ ದೇಹದಲ್ಲಿ ಶೇಕಡಾ 21.2! ಸೂಚ್ಯಂಕ ಒಂದೇ, ಒಳಗಿನ ಸರಕು ಬೇರೆ.

ಇಪ್ಪತ್ತೊಂದು ಕಿಲೊಕ್ಯಾಲೊರಿ

ಅಧ್ಯಾಪಕಿಯ 8 ಕಿ.ಗ್ರಾಂ. ಸುಮಾರು ಎಂಟೂವರೆ ವರ್ಷಗಳಲ್ಲಿ ಬಂದದ್ದು. ವರ್ಷಕ್ಕೆ ಒಂದು ಕಿ.ಗ್ರಾಂ.ಗಿಂತ ತುಸು ಕಡಿಮೆ. ದೇಹದ ಒಂದು ಕಿ.ಗ್ರಾಂ. ಕೊಬ್ಬಿನ ಊತಕದಲ್ಲಿ ಸುಮಾರು 7,700 ಕಿಲೊಕ್ಯಾಲೊರಿ ಇರುತ್ತದೆ. 365ರಿಂದ ಭಾಗಿಸಿದರೆ ದಿನಕ್ಕೆ 21. ಒಂದು ಚಹಾ ಚಮಚ ಸಕ್ಕರೆಯಲ್ಲಿರುವುದು 20. ಎಂಟು ವರ್ಷ ಪ್ರತಿದಿನ ಒಂದು ಚಮಚದ ವ್ಯತ್ಯಾಸವನ್ನು ಯಾರು ತಾನೇ ಲೆಕ್ಕವಿಟ್ಟು ತಡೆಯಬಲ್ಲರು? ಅಷ್ಟು ಸೂಕ್ಷ್ಮವಾದ ತೂಗು ನಡೆಯುವುದು ಮೆದುಳಿನ ತಳಭಾಗದ ಹೈಪೊಥಲಾಮಸ್‌ನಲ್ಲಿ. ಗ್ರೆಲಿನ್, ಲೆಪ್ಟಿನ್, ಜಿಎಲ್‌ಪಿ-1, ಈಸ್ಟ್ರೊಜನ್‌ಗಳೆಲ್ಲ ಅಲ್ಲಿಗೆ ವರದಿ ಒಪ್ಪಿಸುತ್ತವೆ. ಅವುಗಳಲ್ಲೊಂದು ಕೈಬಿಟ್ಟರೆ ತೂಗು ಸ್ವಲ್ಪ ವಾಲುತ್ತದೆ.

ಈ ಲೆಕ್ಕಕ್ಕೆ ಒಂದು ಮಿತಿಯಿದೆ, ವಿದ್ಯಾರ್ಥಿಗಳು ಗಮನಿಸಬೇಕು. 21 ಎಂಬುದು ಸಂಗ್ರಹವಾದ ಶಕ್ತಿ ಮಾತ್ರ. ದೇಹ ಬೆಳೆದಂತೆ ಅದರ ಖರ್ಚೂ ಬೆಳೆಯುವುದರಿಂದ ನಿಜವಾಗಿ ತಿಂದ ಹೆಚ್ಚುವರಿ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಹಾಗೆಯೇ "ದಿನಕ್ಕೊಂದು ಚಮಚ ಸಕ್ಕರೆ ಬಿಟ್ಟರೆ ವರ್ಷಕ್ಕೊಂದು ಕಿಲೊ ಇಳಿಯುತ್ತದೆ" ಎಂದು ತಿರುಗಿಸಿ ಹೇಳುವುದೂ ತಪ್ಪು. ತೂಕ ಇಳಿದಂತೆ ದೇಹ ಜಿಪುಣನಾಗುತ್ತದೆ.

ನಿದ್ರೆಗೆಟ್ಟವರಲ್ಲಿ ಹಸಿವು ಹೆಚ್ಚುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಕಾಲ ಕಳೆದಂತೆ ಜಠರದ ಚೀಲವೋ ಅದರ ಬಾಯಿಯೋ ಸ್ವಲ್ಪ ಹಿಗ್ಗುವುದೂ ಉಂಟು. ಕೆಲವು ಮಾನಸಿಕ ಕಾಯಿಲೆಯ ಔಷಧಿಗಳು, ಇನ್ಸುಲಿನ್, ಸ್ಟೀರಾಯ್ಡ್‌ಗಳು, ಕುಂದಿದ ಥೈರಾಯ್ಡ್ ಇವೂ ತೂಕ ಏರಿಸುತ್ತವೆ. ಎಲ್ಲವನ್ನೂ ಋತುಬಂಧದ ಮೇಲೆ ಹಾಕುವಂತಿಲ್ಲ.

ಮೂಳೆಗೆ ಎರಡು ಏಟು

ತೂಕದ ವಿಷಯ ಎಲ್ಲರ ಕಣ್ಣಿಗೆ ಬೀಳುತ್ತದೆ. ಮೂಳೆಯ ವಿಷಯ ಮುರಿದಾಗಲೇ ತಿಳಿಯುವುದು. ನನ್ನ ಅಭಿಪ್ರಾಯದಲ್ಲಿ ಈ ಇಡೀ ಪ್ರಕರಣದ ಅತಿ ಮುಖ್ಯ ಭಾಗ ಇದೇ.

ಸುಣ್ಣ ಅಥವಾ ಕ್ಯಾಲ್ಸಿಯಂ ಚೆನ್ನಾಗಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಬೈಪಾಸ್‌ನಲ್ಲಿ ಆಹಾರ ತಪ್ಪಿಸಿಕೊಂಡು ಹೋಗುವುದು ಆ ಭಾಗವನ್ನೇ. ಜಠರದ ಆಮ್ಲವೂ ಕಡಿಮೆ. ತೂಕ ಇಳಿದ ಮೇಲೆ ಮೂಳೆಗಳ ಮೇಲಿನ ಭಾರವೂ ಕಡಿಮೆ. ಭಾರ ಹೊರದ ಮೂಳೆ ಸವೆಯುತ್ತದೆ. ಬೈಪಾಸ್ ಆದ ಮೊದಲ ವರ್ಷದಲ್ಲೇ ಸೊಂಟದ ಮೂಳೆಯ ಸಾಂದ್ರತೆ ಶೇಕಡಾ 8ರಿಂದ 10ರಷ್ಟು ಇಳಿದದ್ದನ್ನು ಅಧ್ಯಯನಗಳು ತೋರಿಸಿವೆ. ಸ್ಲೀವ್‌ನಲ್ಲಿ ಇದು ಕಡಿಮೆ, ಆದರೆ ಇಲ್ಲವೆಂದಲ್ಲ. ಇದು ಮೊದಲ ಏಟು.

ಎರಡನೆಯದು ಋತುಬಂಧ. ಮೂಳೆಯನ್ನು ಕರಗಿಸುವ ಕೋಶಗಳಿಗೆ ಈಸ್ಟ್ರೊಜನ್ ಕಡಿವಾಣ ಹಾಕಿರುತ್ತದೆ. ಅದು ಸಡಿಲಾದಾಗ ಕೊನೆಯ ಮುಟ್ಟಿನ ಹಿಂದುಮುಂದಿನ ವರ್ಷಗಳಲ್ಲಿ ಬೆನ್ನುಮೂಳೆ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಸವೆಯುತ್ತದೆ. ಹತ್ತು ವರ್ಷ ಹಿಂದೆ ಒಮ್ಮೆ ಖರ್ಚಾಗಿದ್ದ ಖಜಾನೆಯಿಂದಲೇ ಈ ಖರ್ಚೂ ನಡೆಯಬೇಕು.

ಇಂತಹ ಹೊತ್ತಿನಲ್ಲಿ ರಾತ್ರಿಯ ಊಟ ಬಿಟ್ಟರೆ ಏನಾಗುತ್ತದೆ? ಮೊದಲೇ ಚಿಕ್ಕದಾದ ಜಠರ ದಿನಕ್ಕೆ ಹಿಡಿಯುವ ಪ್ರೋಟೀನು ಇನ್ನೂ ಕಡಿಮೆಯಾಗುತ್ತದೆ. ಇಳಿಯುವ ತೂಕದಲ್ಲಿ ಸ್ನಾಯುವಿನ ಪಾಲು ಹೆಚ್ಚಾಗುತ್ತದೆ, ಮೂಳೆಯೂ ಜೊತೆಗೆ ಹೋಗುತ್ತದೆ. ಊಟ ಮತ್ತೆ ಶುರುವಾದಾಗ ಮರಳಿ ಬರುವುದು ಹೆಚ್ಚಾಗಿ ಕೊಬ್ಬು. ತಕ್ಕಡಿಯಲ್ಲಿ 78 ಎಂಬುದು 75 ಆಗಬಹುದು. ದೇಹ ಮಾತ್ರ ಮೊದಲಿಗಿಂತ ಕೆಟ್ಟಿರುತ್ತದೆ. ಕಾಲು ಜಾರಿ ಕೈ ಊರಿದರೆ ಮಣಿಕಟ್ಟು ಮುರಿಯುವ ವಯಸ್ಸು ಇದು.

ಸ್ನಾಯು ಹೆಚ್ಚಿದರೆ ಕುಳಿತಲ್ಲೇ ಕೊಬ್ಬು ಕರಗುತ್ತದೆ ಎಂಬ ಜಾಹೀರಾತಿನ ಮಾತನ್ನು ನಂಬಬೇಡಿ. ವಿಶ್ರಾಂತಿಯಲ್ಲಿ ಒಂದು ಕಿ.ಗ್ರಾಂ. ಸ್ನಾಯು ದಿನಕ್ಕೆ ಬಳಸುವುದು ಸುಮಾರು 13 ಕಿಲೊಕ್ಯಾಲೊರಿ, ಕೊಬ್ಬು 4.5. ವ್ಯತ್ಯಾಸ ಚಿಕ್ಕದು. ಸ್ನಾಯು ಬೇಕಿರುವುದು ಊಟದ ನಂತರದ ಸಕ್ಕರೆಯನ್ನು ರಕ್ತದಿಂದ ಎಳೆದುಕೊಳ್ಳುವುದಕ್ಕೆ, ಮೂಳೆಯನ್ನು ಎಳೆದು ಗಟ್ಟಿಯಾಗಿಡುವುದಕ್ಕೆ, ಬೀಳದಂತೆ ನಿಲ್ಲುವುದಕ್ಕೆ.

ತಟ್ಟೆಯಲ್ಲಿ ಏನಿರಬೇಕು?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಊಟವೆಂದರೆ ಮುದ್ದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು ನಮ್ಮ ಪದ್ಧತಿ. 30 ಮಿ.ಲೀ. ಚೀಲಕ್ಕೆ ಇದು ಹೊಂದುವುದಿಲ್ಲ. ಜಿಗುಟಾದ ತುತ್ತು ಕಿರಿದಾದ ಬಾಯಿಯಲ್ಲಿ ಸಿಕ್ಕಿಕೊಂಡು ಎದೆ ಹಿಡಿದಂತಾಗಿ ವಾಂತಿಯಾಗಬಹುದು. ಆದ್ದರಿಂದ ಕೆಲವರು ಮುದ್ದೆಯನ್ನೇ ಬಿಟ್ಟು, ಸಲೀಸಾಗಿ ಇಳಿಯುವುದರ ಕಡೆಗೆ ತಿರುಗುತ್ತಾರೆ: ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ರಸ್ಕು, ಪಾಯಸ, ಹಣ್ಣಿನ ರಸ. ಮರುಏರಿಕೆಯ ದೊಡ್ಡ ಗುಟ್ಟು ಇಲ್ಲಿದೆ. ಚಿಕ್ಕ ಜಠರ ತಡೆಯುವುದು ಗಟ್ಟಿ ಆಹಾರವನ್ನು ಮಾತ್ರ. ಮೆತ್ತಗಿನ ಸಿಹಿ ಪದಾರ್ಥ ಜಾರಿ ಹೋಗುತ್ತದೆ, ಹೊಟ್ಟೆ ತುಂಬಿದ ಸೂಚನೆಯೂ ಬರುವುದಿಲ್ಲ. ಸಕ್ಕರೆ ಹಾಕಿದ ಒಂದು ಲೋಟ ಕಾಫಿ, ಎರಡು ಬಿಸ್ಕತ್ತು ಸೇರಿದರೆ 100ಕ್ಕೂ ಮೇಲೆ ಕಿಲೊಕ್ಯಾಲೊರಿ. ಶಿಕ್ಷಕರ ಕೊಠಡಿಯಲ್ಲಿ ಇದು ದಿನಕ್ಕೆ ಮೂರು ಸಲ ನಡೆಯುವುದೂ ಉಂಟು.

ಮುದ್ದೆಯನ್ನು ಬಿಡಬೇಕಾಗಿಲ್ಲ. ನಿಂಬೆಹಣ್ಣಿನ ಗಾತ್ರದ್ದು ಮಾಡಿಕೊಂಡು, ಚೂರು ಚೂರೇ ಸಾರಿನಲ್ಲಿ ನೆನೆಸಿ ಅಗಿದು ತಿನ್ನಬಹುದು. ಆದರೆ ತಟ್ಟೆಯಲ್ಲಿ ಮೊದಲು ಖಾಲಿಯಾಗಬೇಕಾದ್ದು ಕಾಳು, ಮೊಟ್ಟೆ, ಮೀನು, ಕೋಳಿ, ಮೊಸರು. ಮುದ್ದೆ, ಅನ್ನ ಕೊನೆಗೆ. ಬಸ್ಸಾರಿನಲ್ಲಿ ಬಸಿದ ಕಟ್ಟನ್ನು ಕುಡಿದು ಕಾಳನ್ನು ಪಕ್ಕಕ್ಕೆ ಸರಿಸುವ ಅಭ್ಯಾಸ ಇಲ್ಲಿ ತಿರುಗಬೇಕು.

ಈ ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆಂದು ಸಲಹೆಯಿದೆ. ಒಂದು ದಿನದ ಲೆಕ್ಕ ಹಾಕೋಣ. ಎರಡು ಮೊಟ್ಟೆ 12 ಗ್ರಾಂ. 200 ಮಿ.ಲೀ. ಹಾಲು 6. ಒಂದು ಬಟ್ಟಲು ಮೊಸರು 6. ಎರಡು ಹೊತ್ತಿಗೆ ಸೇರಿ 60 ಗ್ರಾಂ ಹುರುಳಿ ಅಥವಾ ಅವರೆಕಾಳು 13. 50 ಗ್ರಾಂ ಪನೀರು 9. ಒಂದು ಹಿಡಿ ಕಡಲೆಕಾಯಿ ಬೀಜ 5. 60 ಗ್ರಾಂ ರಾಗಿಹಿಟ್ಟಿನಿಂದ 4. ಒಟ್ಟು 55. ಇಷ್ಟೆಲ್ಲ ಆದರೂ ಇನ್ನೂ 5 ಗ್ರಾಂ ಕೊರತೆ! ಮೊಟ್ಟೆಯನ್ನೂ ತಿನ್ನದವರಿಗೆ 25 ಗ್ರಾಂ ಸೋಯಾ ಉಂಡೆಗಳು ಸುಮಾರು 13 ಗ್ರಾಂ ಪ್ರೋಟೀನು ಕೊಡುತ್ತವೆ. ಒಂದು ಹೊತ್ತಿನ ಊಟ ಬಿಟ್ಟವರು ಈ ಗುರಿಯನ್ನು ಹೇಗೂ ಮುಟ್ಟಲಾರರು.

ರಾಗಿಯಲ್ಲಿ ಸುಣ್ಣ ಧಾರಾಳವಾಗಿದೆ, 100 ಗ್ರಾಂಗೆ ಸುಮಾರು 350 ಮಿ.ಗ್ರಾಂ. ನಮ್ಮ ಅಜ್ಜಿಯರ ಮೂಳೆ ಗಟ್ಟಿಯಿದ್ದುದಕ್ಕೆ ಇದನ್ನೇ ಕಾರಣವಾಗಿ ಹೇಳುವುದುಂಟು. ಆದರೆ 60 ಗ್ರಾಂ ಹಿಟ್ಟಿನಿಂದ ಸಿಗುವುದು 200 ಮಿ.ಗ್ರಾಂ.; ಅದರಲ್ಲೂ ರಾಗಿಯ ಫೈಟೇಟು ಸ್ವಲ್ಪವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಕಾದ್ದು ದಿನಕ್ಕೆ 1,200ರಿಂದ 1,500. ಹೀಗಾಗಿ ಮಾತ್ರೆ ಅನಿವಾರ್ಯ. ಆಮ್ಲ ಕಡಿಮೆಯಿರುವ ಜಠರದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿಗಿಂತ ಸಿಟ್ರೇಟ್ ಚೆನ್ನಾಗಿ ಹೀರಲ್ಪಡುತ್ತದೆ. ಒಂದು ಸಲಕ್ಕೆ 500–600 ಮಿ.ಗ್ರಾಂ. ಮೀರದಂತೆ ಹಂಚಿಕೊಳ್ಳಬೇಕು, ಕಬ್ಬಿಣದ ಮಾತ್ರೆಯೊಂದಿಗೆ ಸೇರಿಸಬಾರದು. ಡಿ ಮತ್ತು ಬಿ12 ಜೀವಸತ್ವಗಳು ಜೀವನಪೂರ್ತಿ. ಎರಡು ವರ್ಷವಾದ ಮೇಲೆ ಮಾತ್ರೆ ನಿಲ್ಲಿಸಿದವರೇ ಹೆಚ್ಚು ತೊಂದರೆಗೆ ಸಿಲುಕುತ್ತಾರೆ. ಮುಟ್ಟು ನಿಂತಮೇಲೆ ಕಬ್ಬಿಣದ ನಷ್ಟ ಕಡಿಮೆಯಾಗುವುದರಿಂದ ಅದರ ಪ್ರಮಾಣವನ್ನು ಮಾತ್ರ ರಕ್ತ ಪರೀಕ್ಷಿಸಿ ವೈದ್ಯರು ಬದಲಿಸಬಹುದು.

ಭಾರ ಎತ್ತುವುದು

ನಡಿಗೆ ಒಳ್ಳೆಯದು, ಆದರೆ ಸಾಲದು. ಬಾವಿಯಿಂದ ನೀರು ಸೇದಿ, ಗೊಬ್ಬರದ ಮಂಕರಿ ಹೊತ್ತು, ಒರಳಲ್ಲಿ ರುಬ್ಬಿದ ತಲೆಮಾರಿನವರಿಗೆ ವ್ಯಾಯಾಮ ಹೇಳಬೇಕಿರಲಿಲ್ಲ. ಮೋಟಾರು, ಮಿಕ್ಸಿ ಬಂದದ್ದು ಒಳ್ಳೆಯದೇ. ಅವು ಉಳಿಸಿದ ಶ್ರಮದಲ್ಲಿ ಮೂಳೆಗೆ ಬೇಕಾದ ಸ್ವಲ್ಪವನ್ನು ಮರಳಿ ಪಡೆಯಬೇಕು, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗದರ್ಶನದಲ್ಲಿ ವಾರಕ್ಕೆ 150ರಿಂದ 300 ನಿಮಿಷಗಳ ಬಿರುಸಾದ ನಡಿಗೆಯಂತಹ ಚಟುವಟಿಕೆಯ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಇದೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಅಂಗೈ ಒತ್ತಿ ದೇಹವನ್ನು ಹಿಂದಕ್ಕೆ ತಳ್ಳುವುದು, ಒಂದು ಲೀಟರ್ ನೀರಿನ ಬಾಟಲಿಯನ್ನು ಭುಜದ ಮೇಲಕ್ಕೆ ಎತ್ತುವುದು ಮನೆಯಲ್ಲೇ ಆಗುವಂಥವು. ಸುಲಭವಾದೊಡನೆ ಭಾರ ಹೆಚ್ಚಿಸಬೇಕು. ಅದೇ ಭಾರದಲ್ಲಿ ನಿಂತರೆ ಸ್ನಾಯುವೂ ಅಲ್ಲಿಯೇ ನಿಲ್ಲುತ್ತದೆ. ಮೂಳೆ ಈಗಾಗಲೇ ಸವೆದಿದೆಯೆಂದು ಪರೀಕ್ಷೆಯಲ್ಲಿ ಕಂಡಿದ್ದರೆ ಬಗ್ಗಿ ತಿರುಚುವ ವ್ಯಾಯಾಮಗಳನ್ನು ಕೇಳದೆ ಮಾಡಬಾರದು.

ವೈದ್ಯರ ಬಳಿ

ಹಿಮೊಗ್ಲೋಬಿನ್, ಫೆರಿಟಿನ್, ಬಿ12, ಡಿ ಜೀವಸತ್ವ, ಥೈರಾಯ್ಡ್, ಮೂರು ತಿಂಗಳ ಸರಾಸರಿ ಸಕ್ಕರೆ ಇವು ವರ್ಷಕ್ಕೊಮ್ಮೆಯಾದರೂ ಆಗಬೇಕಾದ ಪರೀಕ್ಷೆಗಳು. ರಕ್ತದ ಕ್ಯಾಲ್ಸಿಯಂ ಸರಿಯಿದೆಯೆಂದು ಸಮಾಧಾನಪಡುವಂತಿಲ್ಲ. ರಕ್ತದಲ್ಲಿ ಕಡಿಮೆಯಾದೊಡನೆ ಪ್ಯಾರಾಥೈರಾಯ್ಡ್ ಹಾರ್ಮೋನು ಮೂಳೆಯಿಂದ ತೆಗೆದು ತುಂಬುತ್ತದೆ; ಆದ್ದರಿಂದ ಆ ಹಾರ್ಮೋನನ್ನೂ ನೋಡಬೇಕು. ಋತುಬಂಧವಾದವರು ಡೆಕ್ಸಾ ಯಂತ್ರದಲ್ಲಿ ಮೂಳೆಯ ಸಾಂದ್ರತೆ ಅಳೆಸಿಕೊಳ್ಳುವುದು ಲೇಸು. ಊಟವಾದ ಒಂದೆರಡು ಗಂಟೆಗೆ ಬೆವರಿ ಕಣ್ಣು ಕತ್ತಲೆ ಬರುವುದು, ನಿಲ್ಲದ ವಾಂತಿ, ಹೊಟ್ಟೆನೋವು ಇವು ಕಾಯುವ ಲಕ್ಷಣಗಳಲ್ಲ.

ಈಸ್ಟ್ರೊಜನ್ ಚಿಕಿತ್ಸೆ ತೂಕ ಇಳಿಸುವ ಔಷಧಿಯಲ್ಲ. ತೀವ್ರವಾದ ಬಿಸಿಯೇರಿಕೆ ಇರುವವರಿಗೆ, ಮೂಳೆ ಸವೆತದ ಭಯವಿರುವ ಕೆಲವರಿಗೆ ಅದರಿಂದ ಲಾಭವಿದೆ. ಬೈಪಾಸ್ ಆದವರಲ್ಲಿ ನುಂಗುವ ಮಾತ್ರೆಯ ಹೀರಿಕೆ ಖಚಿತವಿಲ್ಲದ್ದರಿಂದಲೂ, ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಿರುವುದರಿಂದಲೂ ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಹಚ್ಚುವ ಜೆಲ್ಲನ್ನು ವೈದ್ಯರು ಆರಿಸುತ್ತಾರೆ. ಗರ್ಭಕೋಶ ಇರುವವರಿಗೆ ಪ್ರೊಜೆಸ್ಟರಾನ್ ಜೊತೆಗಿರಲೇಬೇಕು. ಸ್ತನ ಕ್ಯಾನ್ಸರ್ ಆದವರಿಗೆ ಇದು ಸಲ್ಲುವುದಿಲ್ಲ.

ಜಿಎಲ್‌ಪಿ-1ರಂತೆ ಕೆಲಸ ಮಾಡುವ ಔಷಧಿಗಳ ಹೆಸರನ್ನು ಈಗ ಎಲ್ಲರೂ ಕೇಳಿದ್ದಾರೆ. ತೂಕ ಇಳಿಕೆಗಾಗಿ ಸೆಮಾಗ್ಲುಟೈಡ್, ಟರ್ಜೆಪಟೈಡ್ ಚುಚ್ಚುಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಶಸ್ತ್ರಚಿಕಿತ್ಸೆಯಿಂದ ಸಾಕಷ್ಟು ತೂಕ ಇಳಿಯದವರ ಮೇಲೆ ಬ್ರಿಟನ್ನಿನಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದೇ ಕುಟುಂಬದ ಲಿರಾಗ್ಲುಟೈಡ್ 24 ವಾರಗಳಲ್ಲಿ ಸುಮಾರು ಶೇಕಡಾ 9ರಷ್ಟು ತೂಕ ಇಳಿಸಿತು. ಸುಳ್ಳುಮದ್ದು ಪಡೆದವರಲ್ಲಿ ಶೇಕಡಾ 1 ಕೂಡ ಇಳಿಯಲಿಲ್ಲ. ಆದರೆ ಈ ಔಷಧಿಗಳಿಂದಲೂ ಸ್ನಾಯು ಇಳಿಯುತ್ತದೆ, ಹಸಿವು ಸತ್ತಾಗ ಪ್ರೋಟೀನು ಇನ್ನೂ ಕಡಿಮೆಯಾಗುತ್ತದೆ, ನಿಲ್ಲಿಸಿದರೆ ತೂಕ ಮರಳುತ್ತದೆ. ಮೇಲೆ ಹೇಳಿದ ತಟ್ಟೆ, ಭಾರ ಎತ್ತುವಿಕೆ ಎರಡೂ ಇವುಗಳ ಜೊತೆಗೆ ಇನ್ನಷ್ಟು ಬೇಕು. ಜಠರದ ಚೀಲ ಹಿಗ್ಗಿರುವುದು ಅಂತರ್ದರ್ಶಕದಲ್ಲಿ ಕಂಡರೆ ಮರು ಶಸ್ತ್ರಚಿಕಿತ್ಸೆಯೂ ಉಂಟು. ಅದು ಮೊದಲಿನದಕ್ಕಿಂತ ಕಷ್ಟದ್ದು, ಕೊನೆಗೆ ಯೋಚಿಸುವಂಥದ್ದು.

ಹಳ್ಳಿಮೈಸೂರಿನ ಅಧ್ಯಾಪಕಿಗೆ ಹಾಗಾದರೆ ಗುರಿ ಎಷ್ಟು? 70ಕ್ಕೆ ಮರಳಬೇಕೆಂದೇನೂ ಇಲ್ಲ. ಮುಂದಿನ ಒಂದೆರಡು ವರ್ಷ, ಕೊಬ್ಬು ಬೇಗ ಕೂಡುವ ಆ ಅವಧಿ ಮುಗಿಯುವವರೆಗೆ, 78ರಲ್ಲೇ ನಿಂತು ಸೊಂಟದ ಸುತ್ತಳತೆ ಎರಡು ಮೂರು ಸೆಂಟಿಮೀಟರ್ ಇಳಿದರೆ, ಕುರ್ಚಿಯಿಂದ ಏಳುವ ಎಣಿಕೆ ಏರಿದರೆ, ಅದು ಒಳ್ಳೆಯ ಫಲಿತಾಂಶ. ಸುತ್ತಳತೆಗೆ ದರ್ಜಿಯ ಟೇಪು ಸಾಕು: ಬೆಳಗ್ಗೆ, ಬರಿಹೊಟ್ಟೆಯಲ್ಲಿ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ. ತಿಂಗಳಿಗೊಮ್ಮೆ ಬರೆದಿಟ್ಟ ಆ ಅಂಕಿಗಳನ್ನೂ, ಹಳೆಯ ಶಸ್ತ್ರಚಿಕಿತ್ಸೆಯ ಚೀಟಿಯನ್ನೂ ತೆಗೆದುಕೊಂಡು ಮೈಸೂರಿನ ಬಸ್ಸು ಹತ್ತಬಹುದು. ರಾತ್ರಿ ಊಟವನ್ನು ಇವತ್ತೇ ಶುರುಮಾಡಬಹುದು.